ದನಿಯೂ ಮೊರೆಯೂ

ನಮ್ಮ ಮನೆಯ ಹಿಂದಿನ ಬೀದಿಯಲ್ಲಿ ಒಂದು ಪ್ರಾರ್ಥನಾ ಮಂದಿರವಿದೆ. ಮಂದಿರವೆಂದೊಡನೆ ಓದುಗರು ಗೋಪುರವನ್ನೂ ಗಂಟೆಯನ್ನೂ ಕಲ್ಪಿಸಿಕೊಳ್ಳಬೇಕಾಗಿಲ್ಲ. ಒಂದು ಮನೆಯ ಮಹಡಿಯ ಮೇಲೆ ತಗಡು ಹೊದಿಸಿದ ಉದ್ದನೆಯ ಕೋಣೆ. ಅದರೊಳಗೆ ನಲವತ್ತು ಐವತ್ತು ಪ್ಲಾಸ್ಟಿಕ್ ಕುರ್ಚಿಗಳು, ಒಂದು ಡೋಲಕ್, ಒಂದು ಧ್ವನಿವರ್ಧಕ. ಶುಕ್ರವಾರ ಸಂಜೆ ಏಳು ಗಂಟೆಗೆ ಅಲ್ಲಿ ಪ್ರಾರ್ಥನೆ ಮೊದಲಾಯಿತೆಂದರೆ ನಮ್ಮ ಮನೆಯ ಟೀವಿಯಲ್ಲಿ ವಾರ್ತೆ ಕೇಳಿಸುವುದು ಕಷ್ಟ. ಒಬ್ಬರು ಮೊರೆಯಿಡುತ್ತಾರೆ, ಉಳಿದವರು ದನಿಗೂಡಿಸುತ್ತಾರೆ, ಕೆಲವರು ಗಟ್ಟಿಯಾಗಿ ಅಳುತ್ತಾರೆ.

ಕಳೆದ ಮಳೆಗಾಲದ ಒಂದು ಶುಕ್ರವಾರ, ಸಂಜೆಯ ತಿರುಗಾಟ ಮುಗಿಸಿ ನಾನೂ ನನ್ನ ಸ್ನೇಹಿತರಾದ ರಾಯರೂ ಆ ಬೀದಿಯಲ್ಲಿ ಬರುತ್ತಿದ್ದೆವು. ರಾಯರು ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿ ನಿವೃತ್ತರಾದವರು; ಒಂದು ದಿನವೂ ಸಂಧ್ಯಾವಂದನೆ ತಪ್ಪಿಸದವರು. ಎರಡನ್ನೂ ಒಟ್ಟಿಗೆ ಹೇಗೆ ನಡೆಸುತ್ತೀರಿ ಎಂದು ನಾನು ಅವರನ್ನು ಕೇಳಿಲ್ಲ. ನನ್ನ ಭಾನುವಾರದ ಚರ್ಚಿನ ವಿಷಯವನ್ನು ಅವರೂ ಕೆದಕಿದವರಲ್ಲ. ಆ ದಿನ ಮಾತ್ರ ಮಹಡಿಯ ಕಡೆ ತಲೆಯೆತ್ತಿ ನೋಡಿ, "ಅಲ್ರೀ, ನಿಮ್ಮ ದೇವರಿಗೆ ಕಿವಿ ಮಂದವೇ?" ಎಂದರು.

ಇಬ್ಬರೂ ನಕ್ಕೆವು. ನಾಲ್ಕು ಹೆಜ್ಜೆ ನಡೆದ ಮೇಲೆ ಅವರು ಮತ್ತೆ ಹೇಳಿದರು: "ತಮಾಷೆಯ ಮಾತು ಬಿಡಿ. ನನಗೆ ಬಹಳ ದಿನದಿಂದ ಒಂದು ಸಂದೇಹವಿದೆ. ಕಳಕಳಿಯಿಂದ ಬೇಡಿದರೆ ದೇವರು ಕೊಡುತ್ತಾನೆ ಅನ್ನುತ್ತೀರಿ. ಕೊಡದೆ ಹೋದರೆ ನಿನ್ನ ಕಳಕಳಿ ಸಾಲದು ಅನ್ನುತ್ತೀರಿ. ಈ ಲೆಕ್ಕದಲ್ಲಿ ದೇವರು ಎಂದೂ ಸೋಲುವಂತಿಲ್ಲ. ಸೋಲುವವನು ಯಾವಾಗಲೂ ಬೇಡಿದವನೇ. ಇದು ನ್ಯಾಯವೇ?"

ನಾನು ಉತ್ತರ ಕೊಡಲಿಲ್ಲ. ಉತ್ತರ ಹೊಳೆಯಲಿಲ್ಲವೆಂದಲ್ಲ, ಈ ಪ್ರಶ್ನೆ ನನಗೆ ಹೊಸದಾಗಿರಲಿಲ್ಲ ಎಂಬುದೇ ಕಾರಣ. ಅದು 1971ರಿಂದ ನಮ್ಮ ಮನೆಯಲ್ಲಿಯೇ ಇದೆ.

ನಮ್ಮದು ಧಾರವಾಡದ ಕಡೆಯ ಬಾಸೆಲ್ ಮಿಷನ್ ಮನೆತನ. ಆ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು, 1837ರಲ್ಲಿ ಧಾರವಾಡಕ್ಕೆ ಕಾಲಿಟ್ಟವರು. ಅವರು ಕಲಿಸಿದ ಪ್ರಾರ್ಥನೆ ದೊಡ್ಡ ದನಿಯದಲ್ಲ. ಊಟಕ್ಕೆ ಮುಂಚೆ ಎರಡು ಮಾತು, ಮಲಗುವ ಮುಂಚೆ ಒಂದು ಅಧ್ಯಾಯ, ಮೊಣಕಾಲೂರಿ ಹತ್ತು ನಿಮಿಷ. 1971ರಲ್ಲಿ ನನ್ನ ತಂಗಿಗೆ ಹತ್ತೊಂಬತ್ತು ವರ್ಷ. ಅವಳ ಮೂತ್ರಪಿಂಡಗಳು ಎರಡೂ ಕೆಟ್ಟಿದ್ದವು. ಇಂದು ಇಂಥ ಕಾಯಿಲೆಗೆ ಡಯಾಲಿಸಿಸ್ ಉಂಟು, ಕಸಿ ಉಂಟು. ಆಗ ನಮಗೆ ಎಟಕುವಷ್ಟು ಸಮೀಪದಲ್ಲಿ ಎರಡೂ ಇರಲಿಲ್ಲ. ಮೂರು ತಿಂಗಳು ನಮ್ಮ ಮನೆಯಲ್ಲಿ ಹತ್ತು ನಿಮಿಷದ ಪ್ರಾರ್ಥನೆ ರಾತ್ರಿಯೆಲ್ಲ ನಡೆಯಿತು. ನಾನು ಉಪವಾಸವಿದ್ದೆ. ನನ್ನ ಆಯುಷ್ಯದಲ್ಲಿ ಅರ್ಧ ಅವಳಿಗೆ ಕೊಡು ಎಂದು, ಬಾಲಿಶವಾಗಿಯೇ ಇರಲಿ, ಮನಸಾರೆ ಬೇಡಿದೆ. ಆಗಸ್ಟ್ ತಿಂಗಳಲ್ಲಿ ಅವಳು ತೀರಿಕೊಂಡಳು.

ಮಣ್ಣಿಗೆ ಬಂದಿದ್ದ ಹಿರಿಯ ಬಂಧುವೊಬ್ಬರು ನನ್ನ ಹೆಗಲ ಮೇಲೆ ಕೈಯಿಟ್ಟು, "ನಂಬಿಕೆಯಲ್ಲಿ ಎಲ್ಲೋ ಒಂದು ಬಿರುಕು ಇದ್ದಿರಬೇಕು, ತಮ್ಮಾ" ಎಂದರು. ಅವರು ಕೆಟ್ಟವರಲ್ಲ. ಸಮಾಧಾನ ಹೇಳುವುದಕ್ಕೆಂದೇ ಬಂದಿದ್ದರು. ಆದರೆ ಆ ಮಾತು ಇಪ್ಪತ್ತೊಂದು ವಯಸ್ಸಿನ ಹುಡುಗನಿಗೆ ಏನು ಹೇಳಿತು? ನಿನ್ನ ತಂಗಿಯನ್ನು ಕೊಂದದ್ದು ಕಾಯಿಲೆಯಲ್ಲ, ನಿನ್ನ ಅರೆಮನಸ್ಸು ಎಂದು ಹೇಳಿತು. ಆ ಬಿರುಕನ್ನು ನಾನು ಎಷ್ಟೋ ವರ್ಷ ಹುಡುಕಿದೆ. ಯಾವ ರಾತ್ರಿ ತೂಕಡಿಸಿದೆ, ಯಾವ ಹೊತ್ತು ಮನಸ್ಸು ಬೇರೆಡೆಗೆ ಹೋಯಿತು ಎಂದು ಲೆಕ್ಕ ಹಾಕಿದೆ. ಹುಡುಕುವವನಿಗೆ ಬಿರುಕು ಸಿಕ್ಕೇ ಸಿಗುತ್ತದೆ. ಬಿರುಕಿಲ್ಲದ ಮನಸ್ಸು ಯಾರಿಗಿದೆ?

ಆದ್ದರಿಂದ ರಾಯರ ಪ್ರಶ್ನೆಗೆ ಇಲ್ಲಿ ಉತ್ತರ ಹೇಳಹೊರಟಿರುವುದು ಅವರೊಬ್ಬರಿಗಾಗಿ ಅಲ್ಲ. ಕಳಕಳಿಯೆಂದರೇನು, ಅದರ ಬಲವೆಂದರೇನು ಎಂಬ ಎರಡನ್ನೂ ನನಗಾಗಿಯೇ ಸ್ಪಷ್ಟಪಡಿಸಿಕೊಳ್ಳಬೇಕಾಗಿದೆ.

ಮೊದಲು ದನಿಯ ವಿಚಾರ. ಕಳಕಳಿಗೂ ದನಿಗೂ ನೇರವಾದ ಸಂಬಂಧವಿಲ್ಲವೆಂಬುದಕ್ಕೆ ಬೈಬಲ್ಲಿನಲ್ಲಿಯೇ ಸಾಕಷ್ಟು ನಿದರ್ಶನಗಳಿವೆ. ಹನ್ನಳೆಂಬ ಬಂಜೆ ಹೆಂಗಸು ಶೀಲೋವಿನ ದೇವಾಲಯದಲ್ಲಿ ಮಗುವಿಗಾಗಿ ಬೇಡಿದಾಗ ಅವಳ ತುಟಿ ಮಾತ್ರ ಅಲುಗುತ್ತಿತ್ತು, ದನಿ ಹೊರಡಲಿಲ್ಲ. ಬಾಗಿಲಲ್ಲಿ ಕುಳಿತಿದ್ದ ಯಾಜಕ ಏಲಿ ಅವಳು ಕುಡಿದಿದ್ದಾಳೆಂದು ಭಾವಿಸಿ ಗದರಿಸಿದ. ದೇವರ ಮನೆಯಲ್ಲಿಯೇ ಮುದುಕನಾದವನಿಗೂ ಮೌನದ ಮೊರೆ ಗುರುತು ಸಿಗಲಿಲ್ಲ. ಕರ್ಮೆಲ್ ಬೆಟ್ಟದ ಕಥೆಯಲ್ಲಿ ಬಾಳನ ಪ್ರವಾದಿಗಳು ನಾನೂರೈವತ್ತು ಮಂದಿ ಬೆಳಗಿನಿಂದ ಕೂಗಿ ಕುಣಿದು ಕತ್ತಿಯಿಂದ ಮೈ ಕೊಯ್ದುಕೊಂಡರು. ಎದುರಿಗೆ ನಿಂತ ಎಲೀಯನ ಪ್ರಾರ್ಥನೆ ನಾಲ್ಕು ಮಾತಿನದು.

ಹಾಗೆಂದು ಕೂಗುವವರನ್ನು ಹಗುರವಾಗಿ ಕಾಣುವುದೂ ಸರಿಯಲ್ಲ. ಯೆರಿಕೋ ಊರಿನ ದಾರಿಬದಿಯಲ್ಲಿ ಕುಳಿತಿದ್ದ ಕುರುಡ ಬಾರ್ತಿಮಾಯ ಸುಮ್ಮನಿರು ಎಂದವರ ಮಾತು ಕೇಳದೆ ಇನ್ನಷ್ಟು ಗಟ್ಟಿಯಾಗಿ ಕೂಗಿದ. ಯೇಸುಸ್ವಾಮಿ ನಿಂತು ಅವನನ್ನು ಕರೆಸಿದರು. ನಮ್ಮ ಹಿಂದಿನ ಬೀದಿಯ ಮಹಡಿಗೆ ಬರುವವರಲ್ಲಿ ಗಾರ್ಮೆಂಟ್ ಕಾರ್ಖಾನೆಯಲ್ಲಿ ದಿನವಿಡೀ ಹೊಲಿಗೆ ಯಂತ್ರದ ಮುಂದೆ ಕುಳಿತು ಬಂದ ಹೆಂಗಸರಿದ್ದಾರೆ. ವಾರವೆಲ್ಲ ಮೇಸ್ತ್ರಿಯ ಕೂಗನ್ನು ಕೇಳಿದವರು ಶುಕ್ರವಾರ ಒಂದು ಗಂಟೆ ತಾವು ಕೂಗಿದರೆ ನನ್ನ ವಾರ್ತೆಗೆ ಅಡಚಣೆಯಾಯಿತೆಂದು ದೂರುವುದು ಸಣ್ಣತನ. ನೊಂದಾಗ ದನಿ ತಾನಾಗಿ ಏರುತ್ತದೆ. ದನಿ ಏರಿದರೆ ದೇವರು ಬಗ್ಗುತ್ತಾನೆ ಎಂದು ಲೆಕ್ಕ ಹಾಕಿ ಏರಿಸುವುದು ಬೇರೆ.

ಹಾಗಾದರೆ ಕಳಕಳಿಯೆಂದರೇನು? ಹೊಸ ಒಡಂಬಡಿಕೆಯಲ್ಲಿ ಯಾಕೋಬನದೆಂದು ಹೇಳುವ ಸಣ್ಣ ಪತ್ರವೊಂದಿದೆ. ಎಲೀಯನೂ ನಮ್ಮಂಥ ಮನುಷ್ಯನೇ. ಆದರೂ ಕಳಕಳಿಯಿಂದ ಬೇಡಿದ್ದರಿಂದ ಮಳೆ ನಿಂತಿತು, ಮತ್ತೆ ಬೇಡಿದಾಗ ಮಳೆ ಬಂತು ಎಂದು ಅದರಲ್ಲಿ ಬರುತ್ತದೆ. ಇಲ್ಲಿ ಮೂಲ ಗ್ರೀಕಿನಲ್ಲಿ ಕಳಕಳಿಯೆಂಬ ಪ್ರತ್ಯೇಕ ಪದವಿಲ್ಲವಂತೆ. ಪ್ರಾರ್ಥನೆಯೆಂಬ ಮಾತೇ ಎರಡು ಸಲ ಬರುತ್ತದೆ, ಒಮ್ಮೆ ನಾಮಪದವಾಗಿ, ಒಮ್ಮೆ ಕ್ರಿಯಾಪದವಾಗಿ. ಇದು ಹೀಬ್ರೂ ನುಡಿಯ ಜಾಯಮಾನ. ಇಂಗ್ಲಿಷಿನವರು ಇದನ್ನು ತರಲು ಬೇರೊಂದು ವಿಶೇಷಣವನ್ನು ಹುಡುಕಬೇಕಾಯಿತು. ಕನ್ನಡಿಗರಿಗೆ ಆ ತೊಂದರೆಯಿಲ್ಲ. "ಹೋಗಿಯೇ ಹೋದ," "ಮಾಡಿಯೇ ಮಾಡಿದ" ಎಂದು ನಾವು ದಿನವೂ ಆಡುತ್ತೇವೆ. ಎಲೀಯ ಪ್ರಾರ್ಥಿಸಿಯೇ ಪ್ರಾರ್ಥಿಸಿದ. ಅಷ್ಟೇ. ಹೆಚ್ಚು ಗಟ್ಟಿಯಾಗಿ ಅಲ್ಲ, ಹೆಚ್ಚು ಹೊತ್ತು ಅಲ್ಲ. ಪ್ರಾರ್ಥಿಸುತ್ತೇನೆಂದು ಹೇಳಿ ಬೇರೇನನ್ನೋ ಮಾಡದೆ, ನಿಜವಾಗಿ ಪ್ರಾರ್ಥಿಸಿದ.

"ಹೋಗಿಯೇ ಹೋದ" ಎಂದರೆ ಹೊರಟವನು ಬಾಗಿಲಲ್ಲೇ ನಿಲ್ಲಲಿಲ್ಲ ಎಂದರ್ಥ. ಪ್ರಾರ್ಥನೆಗೂ ಇಂಥ ಒಂದು ಬಾಗಿಲಿದೆಯೆಂದು ತೋರುತ್ತದೆ. ನಮ್ಮಲ್ಲಿ ಹೆಚ್ಚಿನವರು ಅಲ್ಲಿಯೇ ನಿಂತು ಮಾತಾಡಿ ಹಿಂದಿರುಗುತ್ತೇವೆ.

ಇನ್ನು ಬಲದ ವಿಚಾರ. ಮರುವಾರ ರಾಯರು ತಮ್ಮ ಸ್ವಭಾವಕ್ಕೆ ತಕ್ಕಂತೆ ಪುರಾವೆ ಸಮೇತ ಬಂದರು. ಪ್ರಾರ್ಥನೆಯ ಬಲವನ್ನು ಅಳೆಯಲು ಹೊರಟವರು ಬಹಳ ಹಿಂದಿನಿಂದಲೂ ಇದ್ದಾರೆ. ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 1872ರಲ್ಲಿ ಒಂದು ಲೇಖನ ಬರೆದು ಸರಳವಾದ ವಾದ ಹೂಡಿದ. ದೇಶದ ಚರ್ಚುಗಳಲ್ಲೆಲ್ಲ ರಾಜಮನೆತನದ ದೀರ್ಘಾಯುಷ್ಯಕ್ಕಾಗಿ ಪ್ರಾರ್ಥನೆ ನಡೆಯುತ್ತದೆ. ಆ ಪ್ರಾರ್ಥನೆಗೆ ಬಲವಿದ್ದರೆ ಅರಸರು ಉಳಿದ ಅನುಕೂಲಸ್ಥರಿಗಿಂತ ಹೆಚ್ಚು ಬಾಳಬೇಕು. ಅವನು ಹೋಲಿಸಿದ ವರ್ಗಗಳಲ್ಲಿ ಅವರದೇ ಎಲ್ಲರಿಗಿಂತ ಕಡಿಮೆ ಆಯುಷ್ಯವೆಂದು ತೋರಿತು. ಮುಂದೆ ಅಮೆರಿಕದಲ್ಲಿ ಹರ್ಬರ್ಟ್ ಬೆನ್ಸನ್ ಎಂಬ ವೈದ್ಯರೂ ಅವರ ಸಂಗಡಿಗರೂ ಆರು ಆಸ್ಪತ್ರೆಗಳ 1802 ಹೃದಯ ಶಸ್ತ್ರಚಿಕಿತ್ಸೆಯ ರೋಗಿಗಳನ್ನು ಮೂರು ಗುಂಪು ಮಾಡಿ ಪರೀಕ್ಷಿಸಿದರು. 2006ರಲ್ಲಿ ಫಲಿತಾಂಶ ಹೊರಬಂತು. ತಮಗಾಗಿ ಯಾರಾದರೂ ಪ್ರಾರ್ಥಿಸುತ್ತಿದ್ದಾರೆಯೋ ಇಲ್ಲವೋ ತಿಳಿಯದವರಲ್ಲಿ, ಪ್ರಾರ್ಥನೆ ನಡೆದ ಗುಂಪಿನಲ್ಲಿ ನೂರಕ್ಕೆ 52 ಮಂದಿಗೆ ತೊಡಕು ಕಾಣಿಸಿತು, ನಡೆಯದ ಗುಂಪಿನಲ್ಲಿ 51 ಮಂದಿಗೆ. ತಮಗಾಗಿ ಪ್ರಾರ್ಥನೆ ನಡೆಯುತ್ತಿದೆಯೆಂದು ಖಚಿತವಾಗಿ ತಿಳಿದಿದ್ದವರಲ್ಲಿ 59 ಮಂದಿಗೆ.

"ಏನನ್ನುತ್ತೀರಿ?" ಎಂದರು ರಾಯರು.

ದೇವರನ್ನು ಪರೀಕ್ಷಿಸಬಾರದು ಎಂಬ ಸಿದ್ಧ ಉತ್ತರವೊಂದು ನಮ್ಮಲ್ಲಿದೆ. ಅದರ ಹಿಂದೆ ಅಡಗಿಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಪ್ರಾರ್ಥನೆಯೆಂದರೆ ಔಷಧ, ಇಷ್ಟು ಪ್ರಮಾಣ ಕೊಟ್ಟರೆ ಇಷ್ಟು ಗುಣ ಎಂದು ವೇದಿಕೆಯ ಮೇಲೆ ನಿಂತು ಸಾರುವವರು ಔಷಧವನ್ನು ಅಳೆಯುವ ತಕ್ಕಡಿಗೂ ಒಪ್ಪಬೇಕು. ತಕ್ಕಡಿ ಅವರಿಗೆ ವಿರುದ್ಧವಾಗಿ ಹೇಳಿದೆ. ಆ ಪರೀಕ್ಷೆಯಿಂದ ನನಗೆ ನೋವಾಗಲಿಲ್ಲ. ಒಂದು ಬಗೆಯ ಬಿಡುಗಡೆಯೇ ಆಯಿತು. ನನ್ನ ಪ್ರಾರ್ಥನೆಯ ಪ್ರಮಾಣ ಕಡಿಮೆಯಾಗಿ ತಂಗಿ ಸತ್ತಳೆಂಬ ಲೆಕ್ಕವೇ ತಪ್ಪು ಎಂದು ಅದು ಹೇಳಿದಂತಿತ್ತು.

ಆ ಲೆಕ್ಕ ತಪ್ಪೆಂದು ತಿಳಿಯಲು ಅಮೆರಿಕದವರೆಗೆ ಹೋಗಬೇಕಾಗಿಯೂ ಇರಲಿಲ್ಲ. ಸುವಾರ್ತೆಗಳಲ್ಲಿ ಎಲ್ಲಕ್ಕಿಂತ ಕಳಕಳಿಯ ಪ್ರಾರ್ಥನೆ ಯಾವುದು? ಗೆತ್ಸೇಮನೆ ತೋಟದ್ದು. ಮರುದಿನ ಬರಲಿದ್ದ ಸಾವು ತಪ್ಪಲೆಂದು ಯೇಸುಸ್ವಾಮಿ ನೆಲಕ್ಕೆ ಬಿದ್ದು ಬೇಡಿದರು. ಒಂದೇ ಬೇಡಿಕೆಯನ್ನು ಮತ್ತೆ ಮತ್ತೆ ಬೇಡಿದರೆಂದು ಮತ್ತಾಯನೂ ಮಾರ್ಕನೂ ಬರೆಯುತ್ತಾರೆ. ಬೆವರು ರಕ್ತದ ಹನಿಗಳಂತೆ ನೆಲಕ್ಕೆ ಬಿತ್ತೆಂದು ಲೂಕನ ಸುವಾರ್ತೆಯಲ್ಲಿದೆ. ಕೆಲವು ಪ್ರಾಚೀನ ಹಸ್ತಪ್ರತಿಗಳಲ್ಲಿ ಈ ಭಾಗವಿಲ್ಲವಾದರೂ ಓದಿದವರು ಮರೆಯುವುದಿಲ್ಲ. ಆ ಬೇಡಿಕೆ ಈಡೇರಲಿಲ್ಲ. ಪೌಲನೂ ಹಾಗೆಯೇ. ಮೈಗೆ ನೆಟ್ಟ ಮುಳ್ಳೊಂದನ್ನು ತೆಗೆದುಹಾಕು ಎಂದು ಮೂರು ಸಲ ಬೇಡಿದ, ಮುಳ್ಳು ಉಳಿಯಿತು. ಇವರ ನಂಬಿಕೆಯಲ್ಲಿ ಬಿರುಕಿತ್ತೆನ್ನಲು ನಮ್ಮ ಬಂಧುಗಳಿಗೂ ಧೈರ್ಯವಾಗಲಾರದು. ಕ್ರೈಸ್ತಧರ್ಮದ ನಟ್ಟನಡುವೆ ಈಡೇರದ ಪ್ರಾರ್ಥನೆಯೊಂದು ನಿಂತಿದೆ. ಅದನ್ನು ಮರೆತು ಕಳಕಳಿಗೆ ಫಲ ಖಂಡಿತ ಎನ್ನುವವರು ಶಿಲುಬೆಯನ್ನು ಗೋಡೆಗೆ ತೂಗುಹಾಕಿ ಅದರ ಅರ್ಥವನ್ನು ಕೆಳಗಿಳಿಸಿದವರು.

ಇಲ್ಲಿಗೆ ಬಂದವರೆಲ್ಲ ಸಾಮಾನ್ಯವಾಗಿ ಹಿಡಿಯುವ ಒಂದು ದಾರಿಯಿದೆ. ಪ್ರಾರ್ಥನೆ ದೇವರನ್ನು ಬದಲಿಸುವುದಿಲ್ಲ, ಬೇಡುವವನನ್ನು ಬದಲಿಸುತ್ತದೆ ಎನ್ನುವುದು. ಮಾತು ಚೆನ್ನಾಗಿದೆ, ನಾನೂ ಬಹಳ ಕಾಲ ಅದನ್ನು ನೆಚ್ಚಿಕೊಂಡಿದ್ದೆ. ಆದರೆ ಅದರಲ್ಲಿ ಒಂದು ಮೋಸವಿದೆ. ನನ್ನ ಮನಸ್ಸನ್ನು ತಿದ್ದಿಕೊಳ್ಳುವುದೇ ಗುರಿಯಾದರೆ ತಂಗಿ ಬದುಕಲಿ ಎಂದು ಬೇಡುವುದೇಕೆ? ಕಣ್ಣು ಮುಚ್ಚಿ ಕುಳಿತು ನೂರು ಎಣಿಸಿದರೂ ಮನಸ್ಸು ತಕ್ಕಮಟ್ಟಿಗೆ ತಿಳಿಯಾಗುತ್ತದೆ. ಹಸಿದವನು ರೊಟ್ಟಿ ಕೇಳಿದಾಗ, ಕೇಳುವುದರಿಂದ ನಿನ್ನ ಸ್ವಭಾವ ಉತ್ತಮವಾಗುತ್ತದೆ ಎಂದು ಉಪದೇಶಿಸುವವನನ್ನು ನಾವು ಏನೆನ್ನುತ್ತೇವೆ? ಸುವಾರ್ತೆಗಳ ಜನ ಮನಶ್ಶಾಂತಿಯನ್ನು ಕೇಳುವುದಿಲ್ಲ. ಕಣ್ಣು ಕೇಳುತ್ತಾರೆ, ಮಗಳ ಜೀವ ಕೇಳುತ್ತಾರೆ, ರೊಟ್ಟಿ ಕೇಳುತ್ತಾರೆ.

ರೊಟ್ಟಿಯೆಂದಾಗ ಲೂಕನ ಸುವಾರ್ತೆಯ ಒಂದು ಸಾಮತಿ ನೆನಪಾಗುತ್ತದೆ. ನಡುರಾತ್ರಿ ಒಬ್ಬ ಸ್ನೇಹಿತನ ಮನೆಯ ಬಾಗಿಲು ಬಡಿದು ಮೂರು ರೊಟ್ಟಿ ಸಾಲ ಕೇಳುತ್ತಾನೆ. ಒಳಗಿನವನು ಮಕ್ಕಳೊಂದಿಗೆ ಮಲಗಿದ್ದೇನೆ, ಏಳಲಾರೆ ಎನ್ನುತ್ತಾನೆ. ಹೊರಗಿನವನು ಬಿಡುವುದಿಲ್ಲ. ಎಡೆಬಿಡದ ಪ್ರಾರ್ಥನೆಗೆ ನಿದರ್ಶನವೆಂದು ಇದನ್ನು ನಾನು ಚಿಕ್ಕಂದಿನಿಂದ ಕೇಳಿದ್ದೇನೆ. ಆದರೆ ಒಂದು ಸಂಗತಿಯನ್ನು ಇತ್ತೀಚಿನವರೆಗೆ ಗಮನಿಸಿರಲಿಲ್ಲ. ಅವನು ರೊಟ್ಟಿ ಕೇಳುವುದು ತನಗಲ್ಲ. ಪ್ರಯಾಣ ಮಾಡಿ ಹಸಿದು ಬಂದ ಅತಿಥಿಯೊಬ್ಬ ಅವನ ಮನೆಯಲ್ಲಿ ಕುಳಿತಿದ್ದಾನೆ. ಇವನ ಹತ್ತಿರ ಬಡಿಸಲು ಏನೂ ಇಲ್ಲ. ಎದ್ದು ಕತ್ತಲಲ್ಲಿ ನಡೆದು ಬಂದಿದ್ದಾನೆ, ಮಾನ ಬಿಟ್ಟು ಬಾಗಿಲು ಬಡಿಯುತ್ತಿದ್ದಾನೆ, ರೊಟ್ಟಿ ಸಿಕ್ಕರೆ ಹೊತ್ತುಕೊಂಡು ಹೋಗುವ ಕೈಯೂ ಇವನದೇ. ಮಲಗಿದಲ್ಲಿಂದಲೇ "ಅತಿಥಿಗೆ ಯಾರಾದರೂ ರೊಟ್ಟಿ ಕೊಡಲಿ" ಎಂದಿದ್ದರೆ ಅದು ಪ್ರಾರ್ಥನೆಯಾಗುತ್ತಿರಲಿಲ್ಲ.

ಎಲೀಯನ ಕಥೆಯನ್ನು ಮತ್ತೆ ತೆಗೆದು ನೋಡಿದೆ. ಮಳೆಗಾಗಿ ಬೇಡುವಾಗ ಅವನು ಮೊಣಕಾಲುಗಳ ನಡುವೆ ತಲೆಯಿಟ್ಟು ಕುಳಿತ. ಜೊತೆಗೆ, ಸಮುದ್ರದ ಕಡೆ ನೋಡಿ ಬಾ ಎಂದು ಆಳನ್ನು ಕಳಿಸಿದ. ಏನೂ ಇಲ್ಲವೆಂದು ಅವನು ಬಂದ. ಮತ್ತೆ ಕಳಿಸಿದ. ಏಳನೆಯ ಸಲ ಅಂಗೈಯಷ್ಟು ಮೋಡ ಕಾಣಿಸಿತು. ಬೇಡಿದವನು ಆಕಾಶದಿಂದ ಕಣ್ಣು ತೆಗೆಯಲಿಲ್ಲ ಎಂಬುದೇ ಇಲ್ಲಿ ಮುಖ್ಯವೆಂದು ನನಗೆ ತೋರುತ್ತದೆ. ಅವನನ್ನು ಹೊಗಳುವ ಯಾಕೋಬನ ಪತ್ರದಲ್ಲಿಯೇ, ಕೆಲವು ಪುಟಗಳ ಹಿಂದೆ, ಇನ್ನೊಂದು ಮಾತಿದೆ: ಬಟ್ಟೆಯೂ ಅನ್ನವೂ ಇಲ್ಲದ ಸಹೋದರನಿಗೆ ಬೆಚ್ಚಗಿರು, ಹೊಟ್ಟೆತುಂಬ ಉಣ್ಣು ಎಂದು ಹರಸಿ ಕಳಿಸಿ ಏನನ್ನೂ ಕೊಡದವನ ನಂಬಿಕೆಯಿಂದ ಏನು ಪ್ರಯೋಜನ ಎಂದು. ನಾವು ಕೊನೆಯ ಅಧ್ಯಾಯವನ್ನು ಪ್ರಾರ್ಥನಾ ಕೂಟದಲ್ಲಿ ಓದುತ್ತೇವೆ, ಎರಡನೆಯದನ್ನು ದಾನಧರ್ಮದ ಭಾನುವಾರಕ್ಕೆ ಎತ್ತಿಡುತ್ತೇವೆ. ಬರೆದವನ ಮನಸ್ಸಿನಲ್ಲಿ ಎರಡೂ ಒಂದೇ ಆಗಿದ್ದವು.

ಪ್ರಾರ್ಥನೆಯ ಬಲಕ್ಕೆ ನಮ್ಮವರು ಯಾವಾಗಲೂ ಹೇಳುವ ಹೆಸರು ಜಾರ್ಜ್ ಮುಲ್ಲರ್‌ರದು. 1805ರಲ್ಲಿ ಪ್ರಷ್ಯದಲ್ಲಿ ಹುಟ್ಟಿದ ಇವರು ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 1836ರಲ್ಲಿ ಬಾಡಿಗೆಯ ಮನೆಯೊಂದರಲ್ಲಿ ಅನಾಥಾಲಯ ತೆರೆದರು. 1870ರ ಹೊತ್ತಿಗೆ ಊರ ಹೊರಗಿನ ಆಶ್ಲಿ ಡೌನ್‌ನಲ್ಲಿ ಐದು ದೊಡ್ಡ ಕಟ್ಟಡಗಳೆದ್ದು, 2050 ಮಕ್ಕಳಿಗೆ ಸ್ಥಳವಾಯಿತು. ಯಾರೊಬ್ಬರ ಬಳಿಯೂ ಹಣ ಕೊಡಿ ಎಂದು ಕೇಳದೆ, ಸಾಲ ಮಾಡದೆ, ದೇವರಲ್ಲಿ ಮಾತ್ರ ಬೇಡಿ ಇದನ್ನು ನಡೆಸಿದರೆಂಬುದು ಅವರ ಖ್ಯಾತಿ. ವರ್ಷವರ್ಷವೂ ಅಚ್ಚು ಹಾಕಿಸಿ ಹಂಚಿದ ವರದಿಗಳೇ ಒಂದು ಬಗೆಯ ಬೇಡಿಕೆಯಲ್ಲವೇ ಎಂದು ಸಂದೇಹಿಗಳು ಕೇಳಿದ್ದುಂಟು, ಕೇಳತಕ್ಕ ಪ್ರಶ್ನೆಯೇ. ನನ್ನ ಮನಸ್ಸನ್ನು ಹಿಡಿದದ್ದು ಬೇರೊಂದು. ನಾನು ಬ್ಯಾಂಕಿನ ಗುಮಾಸ್ತನಾಗಿದ್ದವನು. ಅವರು ಇಟ್ಟ ಲೆಕ್ಕಪತ್ರದ ಅಚ್ಚುಕಟ್ಟು ನನ್ನ ಕಣ್ಣಿಗೆ ಬೀಳುತ್ತದೆ. ದೇವರು ಕೊಡುತ್ತಾನೆಂದು ನಂಬಿದವರು ಬಂದದ್ದನ್ನೂ ಹೋದದ್ದನ್ನೂ ಚಿಲ್ಲರೆ ಬಿಡದೆ ಬರೆದಿಟ್ಟರು. 1898ರಲ್ಲಿ ತೊಂಬತ್ತೆರಡನೆಯ ವಯಸ್ಸಿನಲ್ಲಿ ಸಾಯುವವರೆಗೂ ಅವರ ಮೊಣಕಾಲಿಗೂ ಲೆಕ್ಕದ ಪುಸ್ತಕಕ್ಕೂ ಜಗಳವಿರಲಿಲ್ಲ.

ಇಷ್ಟು ದೂರ ಹೋಗಿ ನೋಡಿದ್ದು ನಮ್ಮ ಅಡಿಗೆ ಮನೆಯಲ್ಲಿಯೇ ಇತ್ತು. ಅವ್ವ ಬೆಳಿಗ್ಗೆ ರೊಟ್ಟಿಗೆ ಹಿಟ್ಟು ನಾದುವ ಮುನ್ನ ಒಂದು ಹಿಡಿ ಜೋಳದ ಹಿಟ್ಟನ್ನು ತೆಗೆದು ಬೇರೊಂದು ಡಬ್ಬಿಗೆ ಹಾಕುತ್ತಿದ್ದಳು. ಹಾಕುವಾಗ ಕಷ್ಟದಲ್ಲಿರುವ ಯಾವುದಾದರೊಂದು ಮನೆಯ ಹೆಸರು ಹೇಳಿ ತುಟಿಯಲ್ಲಿ ಏನೋ ಗುನುಗುತ್ತಿದ್ದಳು. ಶನಿವಾರ ಡಬ್ಬಿ ನನ್ನ ಕೈಗೆ ಬರುತ್ತಿತ್ತು. "ದೇವರ ಮುಂದ ಹೇಳೂದು ಹೇಳೇವಿ. ಇನ್ನ ಒಯ್ದು ಕೊಟ್ಟು ಬಾ" ಎನ್ನುತ್ತಿದ್ದಳು. ತಂಗಿ ತೀರಿಕೊಂಡ ಮೇಲೆ ಒಂದು ವಾರ ಒಲೆ ಹೊತ್ತಲಿಲ್ಲ. ಎಂಟನೆಯ ದಿನ ಅವ್ವ ರೊಟ್ಟಿಗೆ ಕುಳಿತಾಗ ಆ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡದ್ದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ. ನನಗೆ ಆಗ ಸಿಟ್ಟು ಬಂದಿತ್ತು. ಯಾರ ಮುಂದೆ ಇನ್ನೂ ಏನು ಹೇಳುವುದಿದೆ ಎಂದು ಕೇಳಬೇಕೆನಿಸಿತ್ತು. ಅವಳು ಒಂದು ಹೆಸರು ಹೇಳಿದಳು. ಅದೇ ಆಸ್ಪತ್ರೆಯ ವಾರ್ಡಿನಲ್ಲಿ ತಂಗಿಯ ಪಕ್ಕದ ಮಂಚದಲ್ಲಿದ್ದ ಹುಡುಗಿಯದು.

ಗೆತ್ಸೇಮನೆಯ ಕಥೆಯ ಕೊನೆ ನನಗೆ ಅರ್ಥವಾದದ್ದು ಆ ಡಬ್ಬಿಯಿಂದ. ಬೇಡಿದ್ದು ಸಿಗಲಿಲ್ಲ. ಆದರೆ ಬೇಡಿ ಎದ್ದವರು ಓಡಿಹೋಗಲಿಲ್ಲ. ನಿದ್ದೆಹೋಗಿದ್ದ ಶಿಷ್ಯರನ್ನು ಎಬ್ಬಿಸಿ, ಹಿಡಿಯಲು ಬರುತ್ತಿದ್ದವರ ಎದುರಿಗೆ ತಾವೇ ನಡೆದರು. ಕಳಕಳಿಯ ಪ್ರಾರ್ಥನೆಯ ಬಲವೆಂದರೆ ಇದೇ ಇರಬೇಕು. ಅದು ದೇವರ ಕೈಯನ್ನು ತಿರುಚುವ ಬಲವಲ್ಲ. ಬರೀ ಮನಸ್ಸಿಗೆ ಹಚ್ಚುವ ಮುಲಾಮೂ ಅಲ್ಲ. ಯಾವುದಕ್ಕಾಗಿ ಬೇಡಿದೆವೋ ಅದಕ್ಕೆ ನಮ್ಮನ್ನು ಕಟ್ಟಿಹಾಕುವ ಬಲ. ಬೇಡಿದ ಮೇಲೆ ನಾವು ಆ ಸಂಗತಿಗೆ ಹೊರಗಿನವರಾಗಿ ಉಳಿಯುವುದಿಲ್ಲ. ಮಾಡಲು ಏನಾದರೂ ಇದ್ದರೆ ಅದು ನಮ್ಮ ಪಾಲಿನ ಕೆಲಸ. ಏನೂ ಇಲ್ಲದಿದ್ದರೆ ಕೊನೆಯವರೆಗೆ ಮಂಚದ ಪಕ್ಕ ಕುಳಿತಿರುವುದು ನಮ್ಮ ಪಾಲಿನ ಕೆಲಸ. ದೇವರು ಏನು ಮಾಡುತ್ತಾನೆಂಬುದನ್ನು ನಾನು ಹೇಳಲಾರೆ. ಈ ಕಟ್ಟಿಗೆ ಒಪ್ಪದೆ ಬೇಡಿದ್ದು ಪ್ರಾರ್ಥನೆಯಲ್ಲ ಎಂಬಷ್ಟನ್ನು ಮಾತ್ರ ಹೇಳಬಲ್ಲೆ.

ಹೀಗೆ ತೀರ್ಮಾನ ಮಾಡಿ ರಾಯರಿಗೆ ಒಪ್ಪಿಸಿ ಸುಮ್ಮನಾಗಬಹುದಾಗಿತ್ತು. ಅವರು ಕೇಳಿ ತಲೆದೂಗಿದರು ಕೂಡ. ತೊಂದರೆ ಬಂದದ್ದು ಆ ರಾತ್ರಿ ನಾನು ಮೊಣಕಾಲೂರಿದಾಗ.

ಅವ್ವ 1998ರಲ್ಲಿ ತೀರಿಕೊಂಡಳು. ಊರಿನ ಮನೆಯ ವಿಷಯದಲ್ಲಿ ನನಗೂ ನನ್ನ ತಮ್ಮನಿಗೂ ಮಾತು ಬೆಳೆದು, ಮಾತು ನಿಂತಿತು. ಅಂದಿನಿಂದ ಒಂದು ರಾತ್ರಿಯೂ ತಪ್ಪದೆ ನಾನು ಅವನಿಗಾಗಿ ಪ್ರಾರ್ಥಿಸುತ್ತಿದ್ದೇನೆ. ಅವನ ಮನಸ್ಸು ಕರಗಲಿ ಎಂದು ಬೇಡುತ್ತೇನೆ. ಎಷ್ಟೋ ಸಲ ಕಣ್ಣೀರೂ ಬಂದಿದೆ. ನನ್ನ ಹೆಂಡತಿ ಇದನ್ನು ಕಂಡವಳು. ನನ್ನನ್ನು ದೊಡ್ಡ ಮನಸ್ಸಿನವನೆಂದು ತಿಳಿದಿದ್ದಾಳೆ. ಅವಳಿಗೆ ಹೇಳದ ಒಂದು ಸಂಗತಿಯಿತ್ತು. ಅವ್ವ ಹೋದ ಮೇಲೆ ಮನೆ ಮಾರುವವರೆಗೆ ಇಪ್ಪತ್ತಾರು ತಿಂಗಳು ಅದರಲ್ಲಿ ಬಾಡಿಗೆಯವರಿದ್ದರು. ತಿಂಗಳಿಗೆ 450 ರೂಪಾಯಿ. ಬಾಡಿಗೆ ನನ್ನ ಕೈಗೆ ಬರುತ್ತಿತ್ತು. ಒಟ್ಟು 11,700. ಅರ್ಧ ತಮ್ಮನದು. ಸುಣ್ಣಬಣ್ಣ, ರಿಪೇರಿ, ನನ್ನ ಓಡಾಟದ ಖರ್ಚು ಎಂದೆಲ್ಲ ಮನಸ್ಸಿನಲ್ಲಿಯೇ ವಜಾ ಹಾಕಿ ಆ 5,850 ರೂಪಾಯಿಯನ್ನು ಕೊಟ್ಟಿರಲಿಲ್ಲ. ಅವನು ಒಂದು ಸಲ ಕೇಳಿದ. ನಾನು ಬಾಯಿಗೆ ಬಂದಂತೆ ಉತ್ತರ ಕೊಟ್ಟೆ. ಮಾತು ನಿಂತದ್ದು ಅಲ್ಲಿ.

ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು, ಮೊದಲು ಹೋಗಿ ಸಹೋದರನೊಡನೆ ರಾಜಿ ಮಾಡಿಕೊ ಎಂಬ ಅರ್ಥದ ಮಾತು ಮತ್ತಾಯನ ಸುವಾರ್ತೆಯಲ್ಲಿದೆ. ನಾನು ಅದನ್ನು ಭಾನುವಾರದ ಶಾಲೆಯ ಮಕ್ಕಳಿಗೆ ಎಷ್ಟೋ ವರ್ಷ ಕಲಿಸಿದವನು. ಸಹೋದರನ ಮೇಲೆ ನಿನಗೆ ಬೇಸರವಿದ್ದರೆ ಎಂದು ಅದರಲ್ಲಿಲ್ಲ. ಅವನಿಗೆ ನಿನ್ನ ಮೇಲೆ ಬೇಸರವಿದ್ದರೆ ಎಂದಿದೆ. ಆ ಒಂದು ವಿಭಕ್ತಿಯ ವ್ಯತ್ಯಾಸವನ್ನು ಅಷ್ಟು ವರ್ಷವೂ ಕಾಣದೆ ದಾಟಿದ್ದೆ. ಅವನ ಪಾಲನ್ನು ಕಿಸೆಯಲ್ಲಿಟ್ಟುಕೊಂಡು ಅವನ ಮನಸ್ಸು ಕರಗಲಿ ಎಂದು ಬೇಡುತ್ತಿದ್ದೆ. ಕಣ್ಣೀರು ಸುಳ್ಳಲ್ಲ. ಆದರೆ ಕಾಲು ಶತಮಾನದ ಆ ಕಳಕಳಿ ಬಾಗಿಲಲ್ಲಿಯೇ ನಿಂತಿತ್ತು. ತಂಗಿಗಾಗಿ ಬೇಡಿದ ಮೂರು ತಿಂಗಳಲ್ಲಿ ಇಲ್ಲದ ಬಿರುಕನ್ನು ಹುಡುಕುತ್ತಿದ್ದವನಿಗೆ ಇದ್ದ ಬಿರುಕು ಕಾಣಲಿಲ್ಲ.

ಬಡ್ಡಿ ಲೆಕ್ಕ ಹಾಕುವುದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ. ಮರುದಿನ ಬೆಳಿಗ್ಗೆ ಕುಳಿತು ವರ್ಷವರ್ಷಕ್ಕೆ ಲೆಕ್ಕ ಹಾಕಿದೆ. ಹೆಂಡತಿಗೆ ಕಾಗದ ತೋರಿಸಿದೆ. ಅವಳು ಕನ್ನಡಕ ತೆಗೆದು ಒರೆಸಿಕೊಂಡು, "ಇಷ್ಟು ದಿನ ಯಾಕೆ ಹೇಳಲಿಲ್ಲ?" ಎಂದಳು, ಬೇರೇನೂ ಹೇಳಲಿಲ್ಲ. ಆ ಮೊತ್ತಕ್ಕೆ ಚೆಕ್ ಬರೆದು, ಜೊತೆಗೆ ನಾಲ್ಕು ಸಾಲಿನ ಪತ್ರ ಬರೆದು ಅಂಚೆಗೆ ಹಾಕಿದೆ. ಪತ್ರದಲ್ಲಿ ಮನೆಯ ವಿಷಯದ ವಾದವನ್ನು ತೆಗೆಯಲಿಲ್ಲ. ಪ್ರಾರ್ಥಿಸುತ್ತಿದ್ದೇನೆಂದೂ ಬರೆಯಲಿಲ್ಲ, ಬರೆಯಲು ನಾಚಿಕೆಯಾಯಿತು.

ಮೂರು ವಾರ ಕಳೆಯಿತು. ಆ ದಿನಗಳಲ್ಲಿ ಟಪಾಲಿನವನು ಬರುವ ಹೊತ್ತಿಗೆ ನಾನು ಜಗುಲಿಯಲ್ಲಿರುತ್ತಿದ್ದೆ. ನಾಲ್ಕನೆಯ ವಾರ ಒಂದು ಕಾರ್ಡು ಬಂತು. ತಮ್ಮನ ಅಕ್ಷರ ಮೊದಲಿಗಿಂತ ನಡುಗಿದೆ. "ಹಣ ಮುಟ್ಟಿತು" ಎಂದು ಬರೆದು ಸಹಿ ಹಾಕಿದ್ದ. ಅಷ್ಟೇ ಇತ್ತು.

ಸಂಜೆ ರಾಯರಿಗೆ ತೋರಿಸಿದೆ. ಅವರು ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದನ್ನು ಪ್ರಾರ್ಥನೆಯ ಫಲ ಅನ್ನುತ್ತೀರೋ, ಬಾಕಿ ತೀರಿಸಿದ್ದಕ್ಕೆ ರಸೀದಿ ಅನ್ನುತ್ತೀರೋ?" ಎಂದು ಕೇಳಿದರು.

"ಸದ್ಯಕ್ಕೆ ರಸೀದಿಯೇ," ಎಂದೆ.

ಮಹಡಿಯ ಮೇಲೆ ಡೋಲಕ್ ಮೊದಲಾಗಿತ್ತು. ಅಂದು ಶುಕ್ರವಾರವೆಂಬುದು ನಮ್ಮಿಬ್ಬರಿಗೂ ಮರೆತಿತ್ತು. ಹೆಂಗಸೊಬ್ಬಳು ಯಾರದೋ ಹೆಸರು ಹೇಳಿ ಅಳುತ್ತಿದ್ದಳು. ಮಗನಿರಬೇಕು, ಗಂಡನಿರಬೇಕು. ರಾಯರು ಈ ಸಲ ಏನೂ ಅನ್ನದೆ, ಆ ದನಿ ಇಳಿಯುವವರೆಗೆ ನನ್ನೊಡನೆ ಬೀದಿಯ ದೀಪದ ಕೆಳಗೆ ನಿಂತಿದ್ದರು. ಆಮೇಲೆ ಮನೆಗೆ ಬಂದು, ಊಟ ಮುಗಿಸಿ, ನಾನು ತಮ್ಮನಿಗೆ ಇನ್ನೊಂದು ಪತ್ರ ಬರೆಯಲು ಕುಳಿತೆ.